ತಾಜೂದಿನ ದೀಪ

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ದೀಪ ಇರುತ್ತಿರಲಿಲ್ಲ. ಸೀಮೆಎಣ್ಣೆ ಉಳಿಸುವುದಕ್ಕಲ್ಲ, ಹತ್ತಿಯ ಹೆದರಿಕೆಗೆ. ಅಜ್ಜ ಹತ್ತಿ ಹಿಂಜುವವರು. ಸಾಗರದ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಹಾಸಿಗೆ ಹೊಲಿಯುವ ಮನೆ ಅಂತ ಯಾರನ್ನು ಕೇಳಿದರೂ ನಮ್ಮ ಬಾಗಿಲು ತೋರಿಸುತ್ತಿದ್ದರು. ಬೀದಿ ಕಡೆಯ ಕೋಣೆಯಲ್ಲಿ ಸೂರಿನಿಂದ ಬಿಲ್ಲು ನೇತಾಡುತ್ತಿತ್ತು. ಅದರ ಹುರಿಗೆ ಅಜ್ಜ ಮರದ ಕೊಡತಿಯಿಂದ ಹೊಡೆದರೆ ಟೊಂಯ್ ಅಂತ ಒಂದು ಸದ್ದು, ಒಂದಿಷ್ಟು ಹತ್ತಿ ಹಾರಿ ಗೋಡೆಗೆ, ಉಳಿದದ್ದು ನಮ್ಮ ಮೂಗಿಗೆ. ನಡುಮನೆಯಲ್ಲಿ ಹಿಂಜಿದ ಹತ್ತಿ ಎದೆಮಟ್ಟ ಬಿದ್ದಿರುತ್ತಿತ್ತು, ಅದರ ಪಕ್ಕದಲ್ಲೇ ನಮ್ಮ ಊಟ, ಜಗಳ, ನಮಾಜು, ನಿದ್ದೆ. ಸಾರಿನಲ್ಲೂ ಹತ್ತಿ, ಅಜ್ಜಿಯ ಎಲೆಅಡಿಕೆ ಚೀಲದಲ್ಲೂ ಹತ್ತಿ. ನಾನು ಶಾಲೆಗೆ ಹೋದರೆ ಹುಡುಗಿಯರು ನನ್ನ ತಲೆ ನೋಡಿ ಮುದುಕಿ ಬಂದಳು ಅನ್ನುತ್ತಿದ್ದರು. ಈಗ ನಿಜಕ್ಕೂ ಬೆಳ್ಳಗಾಗಿದೆ, ಕೊಡವಿದರೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹೊಸನಗರದಲ್ಲಿ ಅಜ್ಜನ ದಾಯಾದಿಯೊಬ್ಬರ ಮನೆ ಒಂದು ಬೀಡಿಯ ಕಿಡಿಗೆ ಬೂದಿಯಾಗಿ ಹೋಗಿತ್ತಂತೆ. ಅಂದಿನಿಂದ ಅಜ್ಜ ರಾತ್ರಿಯ ಇಶಾ ನಮಾಜು ಮುಗಿದ ತಕ್ಷಣ ತಾವೇ ಬಂದು ಬುಡ್ಡಿ ಊದಿ ಆರಿಸುತ್ತಿದ್ದರು. ಆಮೇಲೆ ದೀಪ ಬೇಕು ಅಂದವರು ಅಡುಗೆಮನೆಯನ್ನೂ ದಾಟಿ ಹಿತ್ತಲ ಜಗಲಿಗೆ ಹೋಗಬೇಕು. ಅಲ್ಲಿ ಗೋಡೆಯಲ್ಲಿ ಒಂದು ಗೂಡಿತ್ತು, ಎದುರಿಗೆ ಬಿದಿರಿನ ಬೇಲಿ, ಬೇಲಿಯಾಚೆ ಹಾಲಿನ ಚೌಡಮ್ಮನ ಕೊಟ್ಟಿಗೆ.

ನನ್ನನ್ನು ಹೆತ್ತವಳು ನನಗೆ ನೆನಪೇ ಇಲ್ಲ. ಸಾಕಿದವಳು ಅವಳ ತಂಗಿ ಜೈನಬಿ, ನನ್ನ ಚಿಕ್ಕಮ್ಮ. ಮದುವೆಯಾಗಿ ಹೋಗಿ ಎರಡು ಮಳೆಗಾಲ ಕಳೆಯುವುದರೊಳಗೆ ಗಂಡ ಜ್ವರದಲ್ಲಿ ತೀರಿಕೊಂಡು ತಿರುಗಿ ಬಂದಿದ್ದಳು. ಹಾಗಂತ ಅಳುಮುಂಜಿ ಅಂದುಕೊಳ್ಳಬೇಡಿ. ಗೋಣಿ ಹೊಲಿಯುವಂಥ ಸೂಜಿ ಹಿಡಿದು ಹಾಸಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತರೆ ಸಂಜೆಯೊಳಗೆ ಅಂಚು ಮುಗಿಸಿ ಏಳುವವಳು. ಹತ್ತಿಯ ವಿಷಯದಲ್ಲಿ ಅಜ್ಜನಿಗೇ ಎದುರು ಮಾತಾಡುತ್ತಿದ್ದಳು, ಇದು ಹಳೇ ಹತ್ತಿ, ಇದಕ್ಕೆ ಹೊಸದು ಅಂತ ಹೇಳಿ ಕೊಟ್ಟರೆ ನಾನು ಹೊಲಿಯೋದಿಲ್ಲ ಅಂತ ಸೂಜಿ ಕೆಳಗಿಟ್ಟುಬಿಡುತ್ತಿದ್ದಳು. ಅಜ್ಜ ಗೊಣಗುತ್ತಾ ಹೊಸ ಹತ್ತಿ ತರುತ್ತಿದ್ದರು. ರಾತ್ರಿ ನಾನು ಅವಳ ಕಂಕುಳಲ್ಲಿ ಮಲಗುವುದು. ನಮ್ಮದು ಚೂರುಪಾರು ಬಟ್ಟೆಯ ಕೌದಿ, ಊರಿಗೆಲ್ಲ ರಜಾಯಿ ಹೊಲಿಯುವವರ ಮನೆಯಲ್ಲಿ ಅಷ್ಟೇ ಇರುವುದು. ಆ ಕೌದಿಯೊಳಗೆ ನಡುರಾತ್ರಿ ಕೈಚಾಚಿದರೆ ಎಷ್ಟೋ ಸಲ ಪಕ್ಕ ಖಾಲಿ ಇರುತ್ತಿತ್ತು. ಜಾಗ ಇನ್ನೂ ಬೆಚ್ಚಗೆ, ಆಸಾಮಿ ಇಲ್ಲ.

ಒಂದು ರಾತ್ರಿ ನಾನು ಗೋಡೆ ಸವರಿಕೊಂಡು ಹುಡುಕುತ್ತಾ ಹೋದೆ. ಹತ್ತಿಯ ರಾಶಿಗೆ ಮುಗ್ಗರಿಸಿ, ಅಡುಗೆಮನೆಯ ತಣ್ಣನೆ ನೆಲ ತುಳಿದು ಹಿತ್ತಲ ಬಾಗಿಲಿಗೆ ಬಂದರೆ ಗೂಡಿನಲ್ಲಿ ದೀಪ ಇತ್ತು. ಅದರ ಕೆಳಗೆ ಚಿಕ್ಕಮ್ಮ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದು ನಿಂತಿದ್ದಳು. ಹಗಲಿನ ನಮಾಜಿನಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಹಗಲು ಯಾರಾದರೂ ಗಿರಾಕಿ ಬಂದು ಕೂಗುತ್ತಿರುತ್ತಾರೆ, ಒಲೆಯ ಮೇಲೆ ಎಂಥದೋ ಉಕ್ಕುತ್ತಿರುತ್ತದೆ. ಇಲ್ಲಿ ಯಾವ ಅವಸರವೂ ಇರಲಿಲ್ಲ. ಬಗ್ಗಿದರೆ ಬಗ್ಗಿದ್ದೇ, ಸಜ್ದಾಕ್ಕೆ ಹಣೆ ನೆಲಕ್ಕಿಟ್ಟರೆ ಇಟ್ಟಿದ್ದೇ. ನಿದ್ದೆ ಹೋಗಿಬಿಟ್ಟಳೋ ಅಂತ ನನಗೆ ಗಾಬರಿಯಾಯಿತು. ಎಷ್ಟು ಚಂದ ಕಾಣುತ್ತಿದ್ದಳು ಅಂತ ಹೇಳಿದರೆ ನೀವು ನಂಬುವುದಿಲ್ಲ, ನಮ್ಮ ಚಿಕ್ಕಮ್ಮ ಅಂಥ ಚೆಲುವೆಯೇನಲ್ಲ. ಆದರೆ ಆ ಹೊತ್ತಿನಲ್ಲಿ ಅವಳನ್ನು ನೋಡಿ ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಮಾರನೇ ದಿನ ಅಂಚು ಹೊಲಿಯುತ್ತಾ ಎಲ್ಲ ಹೇಳಿಕೊಟ್ಟಳು. ಅದರ ಹೆಸರು ತಹಜ್ಜುದ್. ನಮ್ಮ ಮನೆಯ ಬಾಯಿಗೆ ಅದು ಬಗ್ಗದೆ ತಾಜೂದು ಆಗಿತ್ತು. ತಾಜೂದಿನ ಹೊತ್ತು, ತಾಜೂದಿನ ನೀರು, ತಾಜೂದಿನ ಚಾಪೆ. ಐದು ಹೊತ್ತಿನದು ತೀರಿಸಲೇಬೇಕಾದದ್ದು, ಇದು ಹಾಗಲ್ಲ, ಬಿಟ್ಟರೆ ಯಾರೂ ಕೇಳೋದಿಲ್ಲ, ಮಾಡಿದರೆ ಯಾರಿಗೂ ಹೇಳೋದಿಲ್ಲ ಅಂದಳು. ಇಶಾ ಮುಗಿಸಿ ಮೊದಲು ನಿದ್ದೆ ಮಾಡಬೇಕು. ನಿದ್ದೆಯಿಂದ ಏಳುವುದೇ ಇದರಲ್ಲಿ ದೊಡ್ಡದು. ರಾತ್ರಿಯ ಕೊನೆಯ ಭಾಗ ಎಲ್ಲಕ್ಕಿಂತ ಒಳ್ಳೆಯದು, ಬೆಳಗಿನ ಅಜಾನ್‌ಗೆ ಮುಂಚೆ ಮುಗಿಯಬೇಕು. ಎದ್ದು ಸದ್ದಿಲ್ಲದೆ ಕೈಕಾಲು ಮುಖ ತೊಳೆದು ವುಜೂ ಮಾಡಿ, ಮನಸ್ಸಿನಲ್ಲೇ ಸಂಕಲ್ಪ ಮಾಡಿ, ನಿಂತು, ಬಗ್ಗಿ, ಹಣೆ ಇಟ್ಟು ಎದ್ದರೆ ಒಂದು ರಕಾತು, ಅಂಥ ಎರಡೆರಡರ ಹಾಗೆ ಓದುತ್ತಾ ಹೋಗುವುದು, ಮೈಯಲ್ಲಿ ಇರುವಷ್ಟು. ಕೂತೂ ಓದಬಹುದು. ತೂಕಡಿಕೆ ಬಂದರೆ ಹೋಗಿ ಮಲಗಬೇಕು, ತೂಕಡಿಸುತ್ತಾ ಏನೇನೋ ಬಾಯಿಗೆ ಬಂದದ್ದು ಹೇಳಬಾರದು. ಎಲ್ಲಕ್ಕೂ ಕೊನೆಯಲ್ಲಿ ವಿತ್ರ್, ಬೆಸ ಎಣಿಕೆಯದು, ರಾತ್ರಿಗೆ ಗಂಟು ಹಾಕಿದ ಹಾಗೆ. ಏಳುವ ಭರವಸೆ ಇಲ್ಲದವರು ವಿತ್ರ್ ಅನ್ನು ಮಲಗುವ ಮುಂಚೆಯೇ ಮುಗಿಸಿಕೊಳ್ಳುತ್ತಾರೆ. ಅಜ್ಜಿ ಹಾಗೆ ಮಾಡುತ್ತಿದ್ದರು, ನನ್ನ ಎಲುಬಿನ ಮೇಲೆ ನನಗೇ ನಂಬಿಕೆ ಇಲ್ಲ ಮಾರಾಯ್ತಿ ಅನ್ನುತ್ತಿದ್ದರು. ಚಿಕ್ಕಮ್ಮ ಮಾತ್ರ ವಿತ್ರ್ ಉಳಿಸಿಕೊಂಡೇ ಚಾಪೆ ಮಡಚಿ ಮಲಗುವವಳು. ಹಾಸಿಗೆ ಮೆತ್ತಗಿದ್ದಷ್ಟೂ ಬಿಟ್ಟು ಏಳೋದಕ್ಕೆ ಸವಾಬು ಜಾಸ್ತಿ, ಹಾಗಾಗಿ ನಾವು ಊರಿನವರಿಗೆಲ್ಲ ಪುಣ್ಯ ಹೊಲಿದು ಕೊಡ್ತಿದೀವಿ ನೋಡು ಅಂತ ನಗಾಡಿದಳು.

ಒಂದು ವಿಷಯ ಅವಳು ಹೇಳಲಿಲ್ಲ, ನಾನೇ ಕೇಳಿಸಿಕೊಂಡದ್ದು. ಓದುವ ಕುರಾನಿನ ಸೂರಾಗಳೆಲ್ಲ ಅಜ್ಜ ಕಲಿಸಿದ ಅರಬ್ಬಿಯಲ್ಲಿ. ಆದರೆ ಎಲ್ಲ ಮುಗಿಸಿ ಕೈ ಎತ್ತಿ ಬೇಡುವುದು ಕನ್ನಡದಲ್ಲಿ, ಅದೂ ನಮ್ಮ ಓಣಿಯ ಕನ್ನಡದಲ್ಲಿ, ನೀನು ತಾನು ಅಂತ. ಅಜ್ಜಿಯ ಮಂಡಿ ನೋವು, ನನ್ನ ಕೆಮ್ಮು, ಮಳೆಗಾಲದಲ್ಲಿ ಹಸಿಯಾಗಿ ಬಿಲ್ಲಿಗೆ ಬಗ್ಗದ ಹತ್ತಿ, ಎಲ್ಲದರ ವರದಿ ಒಪ್ಪಿಸುತ್ತಿದ್ದಳು. ಕೆಲವು ಸಲ ಜಗಳವೂ ಆಡುತ್ತಿದ್ದಳು. ನಿಂಗೆ ಗೊತ್ತಿಲ್ದೆ ಇರೋದು ಎಂತ ಇದೆ, ಸುಮ್ನೆ ನನ್ನ ಬಾಯಲ್ಲಿ ಹೇಳಿಸ್ತೀಯ. ನೀನು ಬಿಟ್ರೆ ನಂಗ್ಯಾರಿದ್ದಾರೆ. ಹೀಗೆ. ಈ ಕೊನೆಯ ಮಾತು ಬೇಲಿ ದಾಟಿ ಹೋಯಿತು ನೋಡಿ.

ಅದೇ ವರ್ಷ ಮಳೆ ಬಿಟ್ಟು ಚಳಿ ಶುರುವಾದಾಗ ತೀರ್ಥಹಳ್ಳಿಯಿಂದ ಸಂಬಂಧ ಬಂದಿತ್ತು. ಹುಡುಗನ ಹೆಸರು ರಸೂಲ್, ಬಳೆ ವ್ಯಾಪಾರ, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ಹಿಂದೊಮ್ಮೆ ಹಾಸಿಗೆ ಮಾಡಿಸಲು ನಮ್ಮ ಮನೆಗೆ ಬಂದು ಬೀಡಿ ಸೇದುತ್ತಾ ಒಳಗೆ ಕಾಲಿಟ್ಟಿದ್ದ. ಬೀಡಿ ಹೊರಗೆ, ನೀವು ಒಳಗೆ, ಇಲ್ಲ ಎರಡೂ ಹೊರಗೆ ಅಂತ ಚಿಕ್ಕಮ್ಮ ಬಾಗಿಲಿನ ಹಿಂದಿನಿಂದ ಗದರಿದ್ದಳು. ಅವನು ಬೀಡಿಯನ್ನು ಚರಂಡಿಗೆ ಎಸೆದು ಅದಕ್ಕೊಂದು ಸಲಾಮು ಹೊಡೆದು ಒಳಗೆ ಬಂದ. ಅದನ್ನು ನೆನೆಸಿಕೊಂಡು ಚಿಕ್ಕಮ್ಮ ಎಷ್ಟು ದಿನ ಒಬ್ಬಳೇ ನಕ್ಕಳು ಅಂತ ನನಗೆ ಗೊತ್ತು. ಅವಳಿಗೆ ಮನಸ್ಸಿತ್ತು. ಒಂದು ಸಂಜೆ ನನ್ನ ತಲೆ ಬಾಚುತ್ತಾ ಇದು ಆಗಲಿ ಅಂತ ಕೇಳ್ಕೋತಾ ಇದೀನಿ ಕಣೇ ಅಂತ ಬಾಯಿ ಬಿಟ್ಟೇ ಹೇಳಿದಳು. ಅವಳು ಹೋದರೆ ನನ್ನ ಜಡೆ ಯಾರು ಹಾಕುವುದು ಅಂತ ಅನ್ನಿಸಿತು, ಆದರೂ ಅವಳ ಮುಖ ನೋಡಿ ನಾನೂ ಆಮೀನ್ ಅಂದೆ.

ಆಗ ಬಂದದ್ದು ಚೌಡಮ್ಮನ ಪ್ರಶ್ನೆ. ಚೌಡಮ್ಮ ಕೆಟ್ಟವಳಲ್ಲ, ಅವಳ ಹಾಲು ಕುಡಿದೇ ನಾನು ಬೆಳೆದದ್ದು. ಕತ್ತಲಿರುವಾಗಲೇ ಹಾಲು ಕರೆಯಲು ಏಳುವವಳು, ನಮ್ಮ ಗೂಡಿನ ದೀಪ ವರ್ಷಗಳಿಂದ ನೋಡಿದ್ದಳು, ಈಗ ನೀನು ಬಿಟ್ರೆ ನಂಗ್ಯಾರಿದ್ದಾರೆ ಅನ್ನುವುದನ್ನೂ ಕೇಳಿದ್ದಳು. ಹಾಲು ಅಳೆಯುವಾಗ ಅಜ್ಜಿಯನ್ನು, ಹೊತ್ತಲ್ಲದ ಹೊತ್ತಲ್ಲಿ ನಿಮ್ಮ ಹಿತ್ತಲಲ್ಲಿ ದೀಪ ಉರೀತದಲ್ಲ, ಯಾರದ್ದು ಅಂತ ಕೇಳಿದಳು. ಅಜ್ಜಿಗೆ ಹಲ್ಲಿಲ್ಲ, ಬಾಯಿ ತುಂಬ ಎಲೆಅಡಿಕೆ. ತಾಜೂದಿಂದು ಅಂದರು. ಚೌಡಮ್ಮನ ಕಿವಿಗೆ ಅದು ತಾಜುದ್ದೀನ್‌ದು ಅಂತ ಬಿತ್ತು. ದಿನಾನಾ ಅಂತ ಕೇಳಿದಳು. ಹೆಚ್ಚು ಕಮ್ಮಿ ದಿನಾ, ಜೈನಬಿ ಬಿಡೋದೇ ಇಲ್ಲ ಅಂತ ಅಜ್ಜಿ ಹೆಮ್ಮೆಯಿಂದ ಹೇಳಿ ಹಾಲಿನ ಚೊಂಬು ಒಳಗೆ ತಂದರು. ನಾನು ಅಲ್ಲೇ ಇದ್ದೆ. ಚೌಡಮ್ಮ ಬಾಯಿ ತೆರೆದುಕೊಂಡು ನಿಂತದ್ದು ಯಾಕೆ ಅಂತ ನನಗೂ ತಿಳಿಯಲಿಲ್ಲ.

ನಮ್ಮ ದುರದೃಷ್ಟಕ್ಕೆ ಊರಿನಲ್ಲಿ ಆ ಹೆಸರಿನವನೊಬ್ಬ ಇದ್ದ. ಬಸ್ಸಿನ ಏಜೆಂಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕೊರಳಿಗೆ ಬಣ್ಣದ ಕರ್ಚೀಫು. ಪಾಪ, ಆ ಬಡಪಾಯಿಗೆ ನಮ್ಮ ಓಣಿ ಯಾವ ಕಡೆ ಅಂತಲೂ ಗೊತ್ತಿರಲಿಲ್ಲ. ಆದರೆ ರಾತ್ರಿ ಅವನು ಚಿಕ್ಕಮ್ಮನ ಹತ್ತಿರ ಬರುತ್ತಾನೆ ಅನ್ನುವ ಮಾತು ಅವನದೇ ಬಸ್ಸು ಹತ್ತಿ ಹೊಸನಗರದಲ್ಲಿ ಇಳಿದು, ಅಲ್ಲಿಂದ ತೀರ್ಥಹಳ್ಳಿ ಸೇರಿತು. ಅಜ್ಜಿಯ ಬಾಯಿಂದಲೇ ನಿಜ ಸಂಗತಿ ತಿಳಿದ ದಿನ ಚೌಡಮ್ಮ ಒಂದು ತಪ್ಪಲೆ ಗಿಣ್ಣು ತಂದು ಅಜ್ಜಿಯ ಎದುರಿಟ್ಟು ಗಳಗಳ ಅತ್ತಳು. ಆಮೇಲೆ ಮನೆಮನೆಗೆ ಹೋಗಿ ತಾಜುದ್ದೀನ್ ಅಲ್ವಂತೆ, ತಾಜುದ್ದೀನ್ ಅಲ್ವಂತೆ ಅಂತ ಸಾರಿಕೊಂಡು ಬಂದಳು. ಅಲ್ಲಿಯ ತನಕ ಕೇಳದವರೂ ಆಗ ಯಾವ ತಾಜುದ್ದೀನ್ ಅಂತ ಕೇಳತೊಡಗಿದರು. ಅಜ್ಜ ವಿವರಿಸಲು ಹೋದರೆ ನಮಾಜು ಐದು ಅಂತ ಗೊತ್ತು, ಈ ಆರನೇದು ಯಾವಾಗ ಬಂತು ಸಾಬರೇ ಅಂತ ಗಿರಾಕಿಗಳು ನಕ್ಕರು. ನಮ್ಮವರೇ ಕೆಲವರು ಗುಟ್ಟಾಗಿರಬೇಕಾದ ಮಗಳ ಪ್ರಾರ್ಥನೆಯನ್ನು, ಇಬಾದತ್ತನ್ನು, ಡಂಗುರ ಹೊಡೀತಾರೆ ಅಂದರು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಸುದ್ದಿ ಬಂತು. ರಸೂಲನ ತಾಯಿ ಹಲೀಮಮ್ಮ ರಜಾಯಿ ಮಾಡಿಸುವ ನೆಪದಲ್ಲಿ ಬರುತ್ತಾರೆ, ಒಂದು ರಾತ್ರಿ ಉಳಿಯುತ್ತಾರೆ, ಹುಡುಗಿಯನ್ನು ಕಣ್ಣಾರೆ ನೋಡಿದ ಮೇಲೆ ಹೂಂ ಅಥವಾ ಊಹೂಂ.

ಅಜ್ಜನಿಗೆ ಹೋದ ಜೀವ ಬಂದ ಹಾಗಾಯಿತು. ಊಟಕ್ಕೆ ಕೂತಾಗ ಸಲೀಸಾಗಿ ಹೇಳಿದರು, ಆ ರಾತ್ರಿ ನೀನು ಹೇಗೂ ಏಳುತ್ತೀಯ, ಸ್ವಲ್ಪ ಸದ್ದು ಮಾಡಿ ಏಳು, ಆಕೆಗೆ ಎಚ್ಚರ ಆಗಲಿ, ದೀಪದ ಕೆಳಗೆ ನೀನು ನಿಂತದ್ದು ನೋಡಲಿ, ಮಾತು ಅಲ್ಲಿಗೇ ಮುಗಿಯುತ್ತದೆ. ಚಿಕ್ಕಮ್ಮ ತುತ್ತು ಕೆಳಗಿಟ್ಟಳು. ಆ ಜಗಳ ನನ್ನ ಕಿವಿಯಲ್ಲಿ ಇನ್ನೂ ಇದೆ.

“ಆ ರಾತ್ರಿ ನಾನು ಏಳೋದಿಲ್ಲ ಅಪ್ಪ.”

“ದಿನಾ ಏಳೋಳಿಗೆ ಆ ಒಂದು ರಾತ್ರಿ ಎಂತ ಕಷ್ಟ?”

“ಆ ರಾತ್ರಿ ಎದ್ರೆ ಅದು ನಮಾಜಲ್ಲ, ಸಾಕ್ಷಿ.”

“ಸಾಕ್ಷಿನೇ ಅನ್ಕೋ. ನಿನ್ನ ಮಾನ ಹೋಗ್ತಾ ಇದೆ, ನಿನ್ನ ಜೀವನ ಹೋಗ್ತಾ ಇದೆ.”

“ನಂಗೆ ಅಂತ ಇರೋದು ಅದೊಂದೇ. ಅದನ್ನೂ ಪೇಟೇಲಿ ಇಡು ಅಂತೀರಾ?”

ಅಜ್ಜ ಎದ್ದು ಹೋಗಿ ಬಿಲ್ಲಿನ ಕೋಣೆಯಲ್ಲಿ ಕೂತರು. ಕತ್ತಲಲ್ಲಿ ಹಿಂಜುವ ಹಾಗಿಲ್ಲ, ಆದರೂ ಹುರಿಯನ್ನು ಬೆರಳಿಂದ ಮೀಟುತ್ತಿದ್ದರು. ಅಜ್ಜಿ ಮಗಳಿಗೆ ಹೋಗೇ ಮೊಂಡಿ, ನಿನ್ನ ಹಟಕ್ಕೆ ನೀನೇ ಮುದುಕಿ ಆಗ್ತೀಯ ಅಂತ ಬೈದು, ಹಿಂದೆಯೇ ಅವಳ ಬೆನ್ನು ಸವರಿದರು. ಚಿಕ್ಕಮ್ಮ ಆ ರಾತ್ರಿ ನನ್ನನ್ನು ತಬ್ಬಿಕೊಂಡು ಅತ್ತಳು. ರಸೂಲನ ಮನೆಗೆ ಹೋಗಬೇಕು ಅಂತ ಅವಳಿಗೆ ಎಷ್ಟು ಆಸೆ ಇತ್ತು ಅಂತ ನನಗೆ ಪೂರ್ತಿ ತಿಳಿದದ್ದು ಆಗಲೇ.

ಹಲೀಮಮ್ಮ ಬಂದರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲು ಸುಟ್ಟು ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿದು, ಮಸಿ ಮುಖದಲ್ಲಿ ಇಳಿದ ದಪ್ಪ ಹೆಂಗಸು, ಮಾತು ಕಮ್ಮಿ, ಕಣ್ಣು ಚುರುಕು. ಹತ್ತಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು, ಹೊಲಿಗೆ ಎಳೆದು ನೋಡಿದರು, ಚಿಕ್ಕಮ್ಮ ಮಾಡಿದ ಸಾರು ಎರಡು ಸಲ ಹಾಕಿಸಿಕೊಂಡರು. ರಜಾಯಿ ಬಿಟ್ಟು ಬೇರೆ ಮಾತೇ ಎತ್ತಲಿಲ್ಲ. ಇಶಾ ನಮಾಜಿಗೆ ಹೆಂಗಸರೆಲ್ಲ ನಡುಮನೆಯಲ್ಲಿ ಒಟ್ಟಿಗೆ ನಿಂತೆವು. ಹಲೀಮಮ್ಮ ಮಂಡಿ ನೋವಿಗೆ ಕೂತೇ ಓದಿದರು. ಚಿಕ್ಕಮ್ಮ ತೀರಿಸಲೇಬೇಕಾದ ಫರ್ಜ್ ಮುಗಿಸಿ, ಅದರ ಹಿಂದಿನ ಸುನ್ನತ್ ಮುಗಿಸಿ, ರೂಢಿಯ ಹಾಗೆ ಚಾಪೆಯ ತುದಿ ಮಡಚಿದಳು. ಮಡಚಿದ ಕೈ ಅಲ್ಲೇ ನಿಂತಿತು. ಮತ್ತೆ ತುದಿ ಬಿಚ್ಚಿ, ಎದ್ದು ನಿಂತು, ವಿತ್ರ್ ಓದಿದಳು. ಅಜ್ಜಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ನನಗೂ ಅರ್ಥವಾಯಿತು, ಇವಳು ರಾತ್ರಿಗೆ ಗಂಟು ಹಾಕಿಬಿಟ್ಟಳು, ಇನ್ನು ಏಳುವವಳಲ್ಲ. ಅಜ್ಜ ಬಂದು ದೀಪ ಊದಿದರು. ಅವತ್ತು ಅವರ ಉಸಿರು ಸಾಲದೆ ಎರಡು ಸಲ ಊದಬೇಕಾಯಿತು.

ಒಳಗಿನ ಕೋಣೆಯಲ್ಲಿ ಮಂಚದ ಹೊಸ ಹಾಸಿಗೆಯ ಮೇಲೆ ಹಲೀಮಮ್ಮ, ಕೆಳಗೆ ಚಾಪೆಯಲ್ಲಿ ನಾನು ಮತ್ತು ಚಿಕ್ಕಮ್ಮ. ನನಗೆ ಎಚ್ಚರವಾದಾಗ ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲು. ಚಿಕ್ಕಮ್ಮ ಪಕ್ಕದಲ್ಲೇ ಇದ್ದಳು, ನಿದ್ದೆಯಲ್ಲಿರಲಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಆಗ ಮೇಲಿನಿಂದ ದನಿ ಬಂತು.

“ಜೈನಬಿ, ಹೊತ್ತಾಯ್ತಲ್ಲ. ಏಳೋದಿಲ್ವಾ?”

“ಇವತ್ತು ಇಲ್ಲ.”

“ಯಾಕೆ?”

ಚಿಕ್ಕಮ್ಮ ಕೌದಿಯೊಳಗೆ ನನ್ನ ಕೈ ಹಿಡಿದುಕೊಂಡಳು.

“ಇವತ್ತು ಎದ್ರೆ ನಿಮಗೋಸ್ಕರ ಎದ್ದ ಹಾಗಾಗ್ತದೆ.”

ಮುಗಿಯಿತು, ಬೆಳಗಿನ ಬಸ್ಸಿಗೆ ಈಕೆ ಹೋಗುತ್ತಾರೆ, ಸಂಬಂಧವೂ ಅದೇ ಬಸ್ಸಿಗೆ ಹೋಗುತ್ತದೆ ಅಂದುಕೊಂಡೆ. ಮಂಚ ಕಿರುಗುಟ್ಟಿತು, ಹಲೀಮಮ್ಮ ಎದ್ದು ಕೂತರು.

“ನೀನು ಚಾಪೆ ಮಡಚಿ ಮತ್ತೆ ಬಿಚ್ಚಿದಾಗಲೇ ನಂಗೆ ಗೊತ್ತಾಯ್ತು ಮಗಾ. ವಿತ್ರ್ ಉಳಿಸ್ಕೊಂಡು ಮಲಗೋ ರೂಢಿ ಇದ್ದೋಳಿಗೆ ಮಾತ್ರ ಕೈ ಹಾಗೆ ತಪ್ಪೋದು. ನಂದೂ ಅದೇ ರೂಢಿ. ನೀನು ಯಾಕೆ ಬಿಚ್ಚಿದೆ ಅಂತ ಮಲಗಿದಾಗಿಂದ ಯೋಚ್ನೆ ಮಾಡ್ತಿದ್ದೆ.”

ಚಿಕ್ಕಮ್ಮ ಬಿಕ್ಕಿದ್ದು ನನಗೆ ಕೇಳಿಸಿತು. ಹಲೀಮಮ್ಮ ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ನನ್ನ ಮಂಡಿ ಬಗ್ಗೋದಿಲ್ಲ, ನೀರು ಕೊಡೋರು ಬೇಕು, ಮುದುಕಿಗೆ ನೀರು ಕೊಡೋಕೆ ಏಳಬಹುದಲ್ಲ ಅಂದರು. ಚಿಕ್ಕಮ್ಮ ಅವರ ಕೈ ಹಿಡಿದು ಹತ್ತಿಯ ರಾಶಿ ತಪ್ಪಿಸಿ ಹಿತ್ತಲಿಗೆ ನಡೆಸಿದಳು, ಹಿಂದೆ ನಾನು. ಗೂಡಿನಲ್ಲಿ ದೀಪ ಹಚ್ಚಿ, ಒಲೆಯ ಬೂದಿಯ ಮೇಲಿಟ್ಟಿದ್ದ ಬೆಚ್ಚಗಿನ ನೀರನ್ನು ಅವರ ಕೈಗೆ ಸುರಿದಳು. ಹಲೀಮಮ್ಮ ಚಾಪೆಯನ್ನು ಬೇಕೆಂದೇ ಜಗಲಿಯ ಮುಂಭಾಗಕ್ಕೆ ಎಳೆದುಕೊಂಡು, ಬೆನ್ನು ನಮ್ಮ ಕಡೆ ಮಾಡಿ ಕೂತರು. ವಿತ್ರ್ ಆದ ಮೇಲೂ ಎರಡೆರಡು ಓದಬಹುದು, ಇನ್ನೊಂದು ಸಲ ವಿತ್ರ್ ಓದಬಾರದು, ಅಷ್ಟೇ ಅಂದರು. ಆಮೇಲೆ ತಿರುಗಿ ನೋಡದೆಯೇ ಇನ್ನೊಂದು ಮಾತು ಸೇರಿಸಿದರು.

“ನಾನು ಹಿಂದೆ ನೋಡೋದಿಲ್ಲ. ಹಿಂದೆ ಯಾರಿದ್ದಾರೆ, ಎಂತ ಮಾಡ್ತಿದಾರೆ ನಂಗೆ ಗೊತ್ತಿಲ್ಲ.”

ಚಿಕ್ಕಮ್ಮ ಹೋಗಿ ವುಜೂ ಮಾಡಿ ಬಂದು, ಸೆರಗು ಕಿವಿಗೆ ಹೊದ್ದು, ಅವರ ಬೆನ್ನ ಹಿಂದೆ ನಿಂತಳು. ಹಲೀಮಮ್ಮ ಕೊಟ್ಟ ಮಾತಿನಂತೆ ಒಮ್ಮೆಯೂ ತಿರುಗಲಿಲ್ಲ. ಹಾಲು ಕರೆಯಲು ಎದ್ದ ಚೌಡಮ್ಮ ಬೇಲಿಯಾಚೆ ನಿಂತು ಇದನ್ನು ಕಂಡವಳು, ಗಟ್ಟಿಯಾಗಿ ಕೆಮ್ಮಿ, ಮುಖ ತಿರುಗಿಸಿಕೊಂಡು ಹಸುವಿನ ಹತ್ತಿರ ಹೋದಳು. ದೊಡ್ಡವರ ನಡುವೆ ಇಂಥದೊಂದು ಮರ್ಯಾದೆ ಇರುತ್ತದೆ ಅಂತ ನಾನು ಮೊದಲು ಕಂಡದ್ದು ಆ ಜಗಲಿಯ ಮೇಲೆ. ಆಮೇಲೆ ಎಷ್ಟೋ ಜನ ಧರ್ಮದ ವಿಷಯ ಹೇಳಿದ್ದು ಕೇಳಿದ್ದೇನೆ, ಆ ದಪ್ಪ ಹೆಂಗಸಿನ ಬೆನ್ನು ಕಲಿಸಿದಷ್ಟನ್ನು ಯಾರೂ ಕಲಿಸಲಿಲ್ಲ.

ಬೆಳಗ್ಗೆ ಬಸ್ಸಿನ ಹೊತ್ತಿಗೆ ಹಲೀಮಮ್ಮ ಹೊರಟರು. ಓಣಿಯಲ್ಲಿ ಅವತ್ತು ಎಲ್ಲರಿಗೂ ಬಾಗಿಲಲ್ಲೇ ಕೆಲಸ. ಒಬ್ಬಳು ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದಳು, ಇನ್ನೊಬ್ಬಳು ಖಾಲಿ ಮೊರ ಕೇರುತ್ತಿದ್ದಳು. ಚೌಡಮ್ಮ ಹಾಲಿನ ಪಾತ್ರೆ ಸೊಂಟಕ್ಕಿಟ್ಟು ನಮ್ಮ ಮೆಟ್ಟಿಲ ಹತ್ತಿರವೇ ನಿಂತಿದ್ದಳು. ಅಜ್ಜ ರಜಾಯಿಯ ಗಂಟು ಹಿಡಿದುಕೊಂಡು ನೆಲ ನೋಡುತ್ತಿದ್ದರು, ಅವರಿಗೆ ರಾತ್ರಿಯ ಸಂಗತಿ ಯಾರೂ ಹೇಳಿರಲಿಲ್ಲ. ಹಲೀಮಮ್ಮ ಬೀದಿಗಿಳಿದು, ಸೆರಗು ಸರಿಮಾಡಿಕೊಂಡು, ಮಾತು ಕಮ್ಮಿಯ ಆ ಹೆಂಗಸು ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ ಹೇಳಿದರು.

“ದಿನ ಗೊತ್ತು ಮಾಡಿ ಹೇಳಿ ಕಳಿಸ್ತೀನಿ ಜೈನಬಿ. ಬರೋವಾಗ ನಿನ್ನ ತಾಜುದ್ದೀನನ್ನೂ ಕರ್ಕೊಂಡು ಬಾ. ನಮ್ಮನೇಲಿ ಅವನಿಗೆ ಜಾಗ ಇದೆ.”

ಪೊರಕೆ ನಿಂತಿತು, ಮೊರ ನಿಂತಿತು. ಅಜ್ಜನ ಕೈಯಿಂದ ಗಂಟು ಜಾರಿತು. ಮೊದಲು ನಕ್ಕದ್ದು ಅಜ್ಜಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಆಮೇಲೆ ಓಣಿಗೆ ಓಣಿಯೇ. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು, ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಚೌಡಮ್ಮ ಮಾತ್ರ ನಗಲಿಲ್ಲ. ಪಾತ್ರೆ ಕೆಳಗಿಟ್ಟು, ಹತ್ತಿರ ಬಂದು, ಚಿಕ್ಕಮ್ಮನಿಗೊಬ್ಬಳಿಗೇ ಕೇಳುವ ಹಾಗೆ ಕೇಳಿದಳು.

“ಇಷ್ಟು ವರ್ಷ ನಿನ್ನ ದೀಪ ನೋಡಿಯೇ ನಾನು ಎದ್ದಿದ್ದು ತಾಯಿ. ಇನ್ನು ನನ್ನನ್ನ ಎಬ್ಬಿಸೋರು ಯಾರು?”

ಚಿಕ್ಕಮ್ಮ ಸೆರಗು ತೆಗೆದಳು. ನನ್ನ ತಲೆಯ ಮೇಲಿನ ಹತ್ತಿ ಕೊಡವಿದಳು, ಕೊಡವಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಚೌಡಮ್ಮನ ಮುಖ ನೋಡಿದಳು.